ಕಡಲ ದಂಡೆಯ ಏಳು ಕಲ್ಲು

ಚಂದ್ರಿಕಾಳ ತುಳಸಿ ನಿಲ್ಲುತ್ತಲೇ ಇರಲಿಲ್ಲ. ಬಣ್ಣದ ಡಬ್ಬಿಯಲ್ಲಿ ನೆಟ್ಟರೆ ಗಾಳಿ ಬಂದು ಡಬ್ಬಿಯನ್ನೇ ಉರುಳಿಸಿ ಹೋಗುತ್ತಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಮಣ್ಣು ಒಂದು ಕಡೆ, ಗಿಡ ಒಂದು ಕಡೆ.

ಇದು ೧೯೯೪ರ ಚಳಿಗಾಲದ ಮಾತು. ದೋಹಾದ ಅಂಚಿನಲ್ಲಿ, ವಿಮಾನ ನಿಲ್ದಾಣದ ಹತ್ತಿರ, ಅಲ್ ಥುಮಾಮಾದಲ್ಲಿ ಅವರ ಮನೆ. ಹಳೆಯ ವಿಲ್ಲಾದ ಎರಡು ಕೋಣೆ, ಮುಂದೆ ಚಾಪೆಯಷ್ಟು ಅಂಗಳ. ಗಂಡ ಸೋಮನಾಥ ಗದಗ ಕಡೆಯವನು, ಕಟ್ಟಡ ಕಂಪನಿಯೊಂದರಲ್ಲಿ ಸರ್ವೇಯರ್.

"ಕಟ್ಟಿ ಕಟ್ಟೋಣಂದ್ರ ಕಲ್ಲ ಎಲ್ಲಿಂದ ತರೂದ್ರಿ ಈ ಉಸುಕಿನ ಊರಾಗ?" ಎಂದು ಚಂದ್ರಿಕಾ ದಿನವೂ ಗೊಣಗುತ್ತಿದ್ದಳು.

ಒಂದು ಶುಕ್ರವಾರ ಇಬ್ಬರೂ ಊಟ ಕಟ್ಟಿಕೊಂಡು ಕಡಲಿಗೆ ಹೋದರು. ಊರಿಲ್ಲದ ದಂಡೆ. ನೀರು ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎಂದು ತಿಳಿಯದಷ್ಟು ತೆಳ್ಳಗಿನ ಬಿಸಿಲು. ದಂಡೆಯಿಂದ ಸ್ವಲ್ಪ ಮೇಲೆ, ಮರಳಿನಲ್ಲಿ ಏಳು ಚಪ್ಪಟೆ ಕಲ್ಲುಗಳು ನಿಂತಿದ್ದವು. ಒಂದೊಂದರ ಮೈಯಲ್ಲೂ ಪುಟ್ಟ ಪುಟ್ಟ ಚಿಪ್ಪು.

"ನೋಡ, ಯಾರೋ ನಿನಗಂತನ ನಿಲ್ಲಿಸಿಟ್ಟಾಂಗ ಅದಾವ," ಎಂದ ಸೋಮನಾಥ. ಏಳನ್ನೂ ಕಿತ್ತು ಕಾರಿನ ಡಿಕ್ಕಿಗೆ ಹಾಕಿದ. ಮರುದಿನ ಅಂಗಳದಲ್ಲಿ ತುಳಸಿಕಟ್ಟೆ ಎದ್ದಿತು.

ಎರಡು ವಾರ ಕಳೆದು ಕಂಪನಿ ಅವನನ್ನು ಅದೇ ದಂಡೆಗೆ ಅಳತೆಗೆ ಕಳಿಸಿತು. ಅಲ್ಲಿ ಪೈಪು ಇಡುವ ಯಾರ್ಡ್ ಬರಬೇಕಿತ್ತು. ಸೋಮನಾಥ ಅಳೆದು ಕಾಗದದಲ್ಲಿ ಬರೆದ: ಖಾಲಿ ಜಾಗ, ಏನೂ ಇಲ್ಲ.

ಪಕ್ಕದ ಮನೆಯ ಆಯಿಷಮ್ಮ ಮಂಗಳೂರು ಕಡೆಯ ಬ್ಯಾರಿ ಹೆಂಗಸು. ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದರು. ಹದಿನೆಂಟು ವರ್ಷ ಇಲ್ಲಿದ್ದು ಅವರಿಗೆ ಅರಬ್ಬಿ ಚೆನ್ನಾಗಿ ಬರುತ್ತಿತ್ತು. ಅವರ ಹತ್ತಿರ ಬಟ್ಟೆ ಹೊಲಿಸಲು ಬರುವವರಲ್ಲಿ ಉಮ್ ಜುಮಾ ಎಂಬ ಅಜ್ಜಿಯೂ ಒಬ್ಬರು. ಎಂಬತ್ತರ ವಯಸ್ಸು, ಎತ್ತರದ ಆಳು, ಕಪ್ಪು ಮುಖದಲ್ಲಿ ನೀರಿನಂಥ ಕಣ್ಣು. ಕತಾರಿನವರೇ. ಆದರೆ ಅವರ ಅಜ್ಜನ ನಾಡು ಆಫ್ರಿಕಾ.

ಒಂದು ಬುಧವಾರ ಮಧ್ಯಾಹ್ನ ಉಮ್ ಜುಮಾ ಚಂದ್ರಿಕಾಳ ಗೇಟಿನ ಮುಂದೆ ನಡೆದು ಹೋಗುತ್ತಿದ್ದವರು ನಿಂತುಬಿಟ್ಟರು. ಕೇಳದೆಯೇ ಒಳಗೆ ಬಂದರು. ತುಳಸಿಕಟ್ಟೆಯ ಪಕ್ಕ ನೆಲದ ಮೇಲೆ ಕೂತು, ಒಂದು ಕಲ್ಲಿನ ಮೇಲೆ ಕೈಯಿಟ್ಟು, ನಿದ್ದೆಯಲ್ಲಿ ಮಾತಾಡಿದಂತೆ ಹೇಳಿದರು:

"ಮರ್ಜಾನ್."

ಚಂದ್ರಿಕಾ ಹೆದರಿ ಆಯಿಷಮ್ಮನನ್ನು ಕೂಗಿದಳು. ಆಯಿಷಮ್ಮ ಸೂಜಿ ಕೈಯಲ್ಲೇ ಹಿಡಿದು ಓಡಿಬಂದರು. ಅಜ್ಜಿಯ ಮಾತು ಕೇಳುತ್ತಾ ಅವರ ಮುಖ ಸಣ್ಣದಾಯಿತು.

"ಚಂದ್ರಿಕಾ, ಈ ಕಲ್ಲು ನಿಮಗೆ ಎಲ್ಲಿ ಸಿಕ್ಕಿದ್ದು ಮಾರಾಯ್ತಿ?"

"ಕಡಲ ದಂಡ್ಯಾಗ. ಯಾಕ್ರೀ?"

"ಅದು ಗೋರಿಯ ಕಲ್ಲಂತೆ. ಇವರ ಅಜ್ಜನ ತಲೆ ಹತ್ತಿರ ನಿಲ್ಲಿಸಿದ್ದು."

"ಅಯ್ಯ ಶಿವನ! ಸುಡುಗಾಡ ಕಲ್ಲಿಲೆ ತುಳಸಿಕಟ್ಟಿ ಕಟ್ಟೀನಲ್ಲ!" ಚಂದ್ರಿಕಾ ಹಣೆ ಚಚ್ಚಿಕೊಂಡಳು.

ಅಷ್ಟರಲ್ಲಿ ಸೋಮನಾಥ ಊಟಕ್ಕೆ ಬಂದ. ವಿಷಯ ಕೇಳಿದ್ದೇ ಅಂಗಿಯ ತೋಳು ಮಡಚಿದ.

"ಈಗಿಂದೀಗ ಎತ್ತಿ ಸೈಟಿನ ಕಸದ ಲಾರಿಗೆ ಹಾಕ್ತೀನಿ. ಖಲಾಸ್. ಮನೀ ತೊಳದಬಿಡು."

"ಕಸಕ್ಕೆ ಹಾಕಿದರೆ ನಿಜವಾಗಿಯೂ ಖಲಾಸೇ," ಆಯಿಷಮ್ಮ ಅಡ್ಡ ನಿಂತರು. "ಆ ಮನುಷ್ಯ ಇದ್ದನೆಂಬುದೇ ಖಲಾಸ್. ಇಲ್ಲಿಯ ಪದ್ಧತಿ ನಿಮಗೆ ಗೊತ್ತುಂಟಾ? ಗೋರಿಗೆ ಹೆಸರು ಬರೆಯುವುದಿಲ್ಲ, ಕಟ್ಟಡ ಕಟ್ಟುವುದಿಲ್ಲ. ತಲೆಗೊಂದು ಕಲ್ಲು, ಕಾಲಿಗೊಂದು ಕಲ್ಲು, ಅಷ್ಟೆ. ಮನೆಯ ಹಿರಿಯರು ಕಲ್ಲಿನ ಆಕಾರ ನೋಡಿಯೇ ಇವರು ಇಂಥವರು ಅಂತ ಹೇಳುತ್ತಾರೆ. ನೀವು ತಂದದ್ದು ಬರೀ ಕಲ್ಲಲ್ಲ ಮಾರಾಯ್ರೆ, ಏಳು ಜನರ ಹೆಸರು."

ಅಜ್ಜಿ ಮತ್ತೇನೋ ಹೇಳಿದರು. ಆಯಿಷಮ್ಮ ಕನ್ನಡ ಮಾಡಿದರು. ಅಲ್ಲಿಗೆ ಮಷೀನು ಬರುತ್ತದೆಂದು ಕೇಳಿ ಅಜ್ಜಿ ನಗರಸಭೆಗೆ ಹೋಗಿದ್ದರಂತೆ. ಮುತ್ತು ತೆಗೆಯುತ್ತಿದ್ದ ನಮ್ಮವರು ಅಲ್ಲಿ ಮಲಗಿದ್ದಾರೆ ಎಂದರಂತೆ. ಆಫೀಸರು ಹೋಗಿ ನೋಡಿದರೆ ಬರೀ ಮರಳು. ಕಂಪನಿಯ ಕಾಗದದಲ್ಲೂ ಖಾಲಿ ಜಾಗ ಎಂದೇ ಇದೆ. ಶನಿವಾರ ನೆಲ ಮಟ್ಟ ಮಾಡುತ್ತಾರೆ.

ಸೋಮನಾಥ ಮೆಲ್ಲಗೆ ಮೆಟ್ಟಿಲ ಮೇಲೆ ಕೂತ.

"ಆ ಕಾಗದ ಬರದಾಂವ ನಾನ," ಎಂದ.

ಚಂದ್ರಿಕಾ ಅವನನ್ನೇ ನೋಡಿದಳು. "ಹಂಗಂದ್ರ ಹೋಗಿ ತಿದ್ದರಿ."

"ತಿದ್ದರಿ ಅಂತ! ನಾನ ಕಲ್ಲ ಕಿತ್ತೆ, ನಾನ ಖಾಲಿ ಅಂತ ಬರದೆ ಅಂದ್ರ ಮ್ಯಾನೇಜರ ವೀಸಾ ಕ್ಯಾನ್ಸಲ್ ಮಾಡಿ ಮುಂಬಯಿ ವಿಮಾನ ಹತ್ತಿಸ್ತಾನ."

"ಹತ್ತಸ್ಲಿ. ಕಿಟಕಿ ಸೀಟ್ ಕೇಳೋಣು."

"ಚ್ಯಾಷ್ಟಿ ಮಾಡಬ್ಯಾಡ ನೀ. ಎಂದೋ ಸತ್ತವರು, ಮುತ್ತು ತಗ್ಯೋ ಆಳುಗಳು. ಕಲ್ಲ ಇದ್ರೇನು, ಇಲ್ಲಂದ್ರೇನು ಅವರಿಗೆ?"

ಆಯಿಷಮ್ಮ ಅವನ ಮಾತನ್ನು ಹಾಗೆಯೇ ಅಜ್ಜಿಗೆ ಅರಬ್ಬಿಯಲ್ಲಿ ಹೇಳಿದರು. ಅಜ್ಜಿ ಕೋಪ ಮಾಡಲಿಲ್ಲ. ಕಲ್ಲಿನ ಚಿಪ್ಪುಗಳ ಮೇಲೆ ಬೆರಳಾಡಿಸುತ್ತಾ ಮೆಲ್ಲಗೆ ಹೇಳಿದರು. ಆಯಿಷಮ್ಮ ಒಂದೊಂದೇ ಮಾತನ್ನು ಕನ್ನಡಕ್ಕೆ ತಂದರು.

"ನನ್ನ ಅಜ್ಜನನ್ನು ಹಡಗಿನಲ್ಲಿ ತಂದು ಮಾರಿದಾಗ ಅವನಿಗೆ ಏಳು ವರ್ಷ. ಮರ್ಜಾನ್ ಎಂದರೆ ಹವಳ. ಅದು ಯಜಮಾನ ಇಟ್ಟ ಹೆಸರು. ತಾಯಿ ಏನೆಂದು ಕರೆಯುತ್ತಿದ್ದಳೋ ಅವನಿಗೇ ಮರೆತುಹೋಗಿತ್ತು. ಕಿವಿಯಲ್ಲಿ ರಕ್ತ ಬರುವವರೆಗೆ ಮುಳುಗಿ ಮುತ್ತು ತೆಗೆದ. ಒಂದು ಮುತ್ತೂ ಅವನದಾಗಲಿಲ್ಲ. ಈ ಭೂಮಿಯ ಮೇಲೆ ಅವನದು ಅಂತ ಇದ್ದದ್ದು ಇದೊಂದು ಕಲ್ಲು, ಮಗನೇ."

ತಲೆಯ ಮೇಲೆ ವಿಮಾನವೊಂದು ಇಳಿದು ಹೋಯಿತು. ಆಮೇಲೆ ಸೋಮನಾಥ ಎದ್ದು, ತುಳಸಿಯನ್ನು ಬೇರು ಸಮೇತ ಎತ್ತಿ ಪಕ್ಕಕ್ಕಿಟ್ಟು, ಕಟ್ಟೆ ಬಿಚ್ಚತೊಡಗಿದ.

ಶುಕ್ರವಾರ ಬೆಳಿಗ್ಗೆ ನಾಲ್ವರೂ ಕಾರಿನಲ್ಲಿ ಹೊರಟರು. ಮಂಜು ಎಷ್ಟು ಕವಿದಿತ್ತೆಂದರೆ ಕಾರಿನ ಮೂತಿಯೇ ಕಾಣುತ್ತಿರಲಿಲ್ಲ. ಕಡಲು ಕಾಣಿಸಲಿಲ್ಲ, ಉಸಿರಾಡುವುದು ಮಾತ್ರ ಕೇಳಿಸಿತು. ಹೆಂಗಸರು ಗೋರಿಗಳ ನಡುವೆ ಹೋಗುವ ಪದ್ಧತಿ ಅಲ್ಲಿಲ್ಲ. ಅಜ್ಜಿ ಹೊರಗೇ ಕೋಲೂರಿ ನಿಂತರು.

"ಕಿತ್ತ ಕೈಯೇ ಇಡಲಿ," ಎಂದರು.

ಸೋಮನಾಥ ಯಾರೂ ಹೇಳದೆಯೇ ಬೂಟು ಬಿಚ್ಚಿದ. ಅಜ್ಜಿ ಮುಟ್ಟಿ ತೋರಿಸಿದ ಮೊದಲ ಕಲ್ಲನ್ನು ಎದೆಗವಚಿಕೊಂಡು ಮಂಜಿನೊಳಗೆ ನಡೆದ. ಎರಡೇ ಹೆಜ್ಜೆಗೆ ಮಾಯವಾದ.

"ಬಲಕ್ಕೆ," ಅಜ್ಜಿ ಕೂಗಿದರು. ಆಯಿಷಮ್ಮ ಕನ್ನಡದಲ್ಲಿ ಕೂಗಿದರು. "ಇನ್ನೂ ಸ್ವಲ್ಪ. ಕಾಲಿನ ಕಲ್ಲು ಚಿಕ್ಕದು, ಮರಳೊಳಗೆ ಉಂಟು. ಕೈಯಲ್ಲಿ ತಡವಿ ನೋಡಿ."

ಸ್ವಲ್ಪ ಹೊತ್ತಿಗೆ ಒಳಗಿನಿಂದ ದನಿ ಬಂತು. "ಸಿಕ್ತರೀ! ಐತಿ, ಇಲ್ಲೇ ಐತಿ!"

"ಅದು ಮರ್ಜಾನ್. ಅವನ ಎಡಕ್ಕೆ ಯಾಕೂತ್. ಹಾಡು ಹೇಳುತ್ತಿದ್ದ, ಅವನ ಹಾಡಿಗೆ ದೋಣಿಯವರೆಲ್ಲ ಹುಟ್ಟು ಹಾಕುತ್ತಿದ್ದರು. ಅವನ ಕಾಲಿನಾಚೆ ಸಲ್ಮಾ, ನನ್ನನ್ನು ಈ ಲೋಕಕ್ಕೆ ಎತ್ತಿಕೊಂಡ ಸೂಲಗಿತ್ತಿ..."

ಅಜ್ಜಿ ಹೇಳುತ್ತಾ ಹೋದರು, ಚಂದ್ರಿಕಾ ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋದಳು. ಮಂಜಿನಲ್ಲಿ ಹೆಸರುಗಳು ಒಂದೊಂದಾಗಿ ಎದ್ದು ತಮ್ಮ ತಮ್ಮ ಜಾಗಕ್ಕೆ ನಡೆದುಹೋದ ಹಾಗೆ ಅನಿಸುತ್ತಿತ್ತು. ಏಳನೆಯದಕ್ಕೆ ಅಜ್ಜಿ ಕೋಲಿನಿಂದ ಮಂಜಿನತ್ತ ತೋರಿಸಿದರು.

"ಇವನು ಹಡಗಿನಿಂದ ಇಳಿದ ವಾರವೇ ತೀರಿಕೊಂಡ. ಹೆಸರು ಕೇಳಲು ಯಾರಿಗೂ ಪುರುಸೊತ್ತು ಇರಲಿಲ್ಲ."

"ಏನಂತ ಬರೀಲಿ?" ಎಂದಳು ಚಂದ್ರಿಕಾ.

"ಹೆಸರು ಗೊತ್ತಿಲ್ಲ, ಆದರೆ ಇಲ್ಲಿ ಇದ್ದಾನೆ. ಹಾಗೆ ಬರಿ."

ಸೋಮನಾಥ ಕೊನೆಯ ಕಲ್ಲು ನೆಟ್ಟು ಬರಲು ತುಂಬ ಹೊತ್ತು ಹಿಡಿಯಿತು. ಬಂದಾಗ ಅವನ ಮೊಣಕಾಲೆಲ್ಲ ಒದ್ದೆ. "ನಾಳೆ ಏಳಕ್ಕ ನಗರಸಭಾ ಆಫೀಸ್ ತೆಗೀತಾರ. ನಾ ಆರೂವರಿಗೆ ಬಾಗಲದಾಗ ಇರ್ತೀನಿ," ಎಂದ. ಯಾರೂ ಕೇಳಿರಲಿಲ್ಲ.

ಶನಿವಾರ ಮ್ಯಾನೇಜರ್ ಇಡೀ ಆಫೀಸಿಗೆ ಕೇಳುವಂತೆ ಬೈದ. ಆದರೆ ತಿದ್ದಿದ ಕಾಗದವನ್ನು ಸೋಮನಾಥ ಆಗಲೇ ನಗರಸಭೆಗೂ ಕೊಟ್ಟು ಬಂದಿದ್ದ. ಆಫೀಸರು ಮತ್ತೆ ಬಂದರು. ಕಲ್ಲು ನೋಡಿದರು, ಅಜ್ಜಿಯ ಬಾಯಿಂದ ಏಳು ಜನರ ವಿವರ ಬರೆದುಕೊಂಡರು. ಮಷೀನು ತಿರುಗಿ ಹೋಯಿತು. ಯಾರ್ಡ್ ಅರ್ಧ ಮೈಲಿ ಆಚೆ ಸರಿಯಿತು. ಸೋಮನಾಥನಿಗೆ ವೀಸಾ ಉಳಿಯಿತು. ಆದರೆ ಶಿಕ್ಷೆಯೆಂದು ದೂರದ ಸೈಟಿಗೆ ಹಾಕಿದರು, ಮೂರು ತಿಂಗಳು ಮನೆಗೆ ಬಂದದ್ದು ಶುಕ್ರವಾರ ಮಾತ್ರ. ದಂಡೆಗೆ ತಂತಿಬೇಲಿ ಬಂದ ದಿನ ಅವನು ರಜೆ ಕೇಳಿ ಬಂದು ಗೂಟ ಹಿಡಿದು ನಿಂತಿದ್ದ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಕಡಲಿಗೆ, ಮರುಭೂಮಿಗೆ ಹೋದಾಗ ನಿಂತ ಕಲ್ಲನ್ನು ಕೀಳಬೇಡಿ. ಒಲೆಗೆ, ಕಟ್ಟೆಗೆ, ಕ್ರಿಕೆಟ್ ಆಟಕ್ಕೆ ತರಬೇಡಿ. ಹೆಸರಿನ ಫಲಕ ಇಲ್ಲವೆಂದು ಜಾಗ ಖಾಲಿ ಎಂದುಕೊಳ್ಳಬೇಡಿ. ಅನುಮಾನ ಬಂದರೆ ಆ ಊರಿನ ಹಿರಿಯರನ್ನು ಕೇಳಿ, ಅವರು ಹೇಳಿದ್ದನ್ನು ನಗರಸಭೆಗೆ ತಿಳಿಸಿ. ಇದು ಕತಾರಿನ ಮಾತು ಮಾತ್ರವೂ ಅಲ್ಲ. ನಮ್ಮ ಹಳಿಯಾಳ, ಯಲ್ಲಾಪುರದ ಕಾಡಿನಲ್ಲಿ ಸಿದ್ದಿ ಜನ ಇದ್ದಾರೆ. ಅವರ ಹಿರಿಯರೂ ಆಫ್ರಿಕಾದಿಂದಲೇ ಬಂದವರು. ಅವರು ತಮ್ಮವರನ್ನು ಮಣ್ಣು ಮಾಡಿದ ಜಾಗಗಳೂ ಇವೆ. ರಜೆಗೆ ಊರಿಗೆ ಹೋದಾಗ ಆ ದಾರಿಯಲ್ಲಿ ಒಮ್ಮೆ ಇಳಿಯಿರಿ. ಯಾರ ಅಜ್ಜ, ಯಾರ ಅಜ್ಜಿ ಎಲ್ಲಿ ಮಲಗಿದ್ದಾರೆ ಎಂದು ಬಲ್ಲವರು ಇನ್ನೂ ಒಬ್ಬಿಬ್ಬರು ಇರಬಹುದು. ಅವರ ಪಕ್ಕ ಕೂತು ಕೇಳಿ, ಬರೆದುಕೊಳ್ಳಿ. ಅವರಿಗೆ ವಯಸ್ಸಾಗಿದೆ. ಮುಂದಿನ ರಜೆಗೆ ಎಂದು ಇಟ್ಟುಕೊಳ್ಳಬೇಡಿ.