ಕಣ್ಣು ಅನುಸೂಯಮ್ಮನದು, ಮಾತು ಕಂಪ್ಯೂಟರಿನದು

ದೊಡ್ಡಬಳ್ಳಾಪುರದ ಮಗ್ಗದ ಬೀದಿಗಳಲ್ಲಿ ನಲವತ್ತು ದಾಟಿದವರನ್ನು ನೋಡಿ. ಸೂಜಿಗೆ ದಾರ ಪೋಣಿಸಲು ಕೈಯನ್ನು ದೂರ ಚಾಚುತ್ತಾರೆ. ಅಕ್ಕಿಯಲ್ಲಿ ಕಲ್ಲು ಆರಿಸಲು ಮಗಳನ್ನು ಕೂಗುತ್ತಾರೆ. ಅನುಸೂಯಮ್ಮನಿಗೂ ಹಾಗೇ ಆಯಿತು.

ಅವಳೂ ಗಂಡ ಪಿಳ್ಳಣ್ಣನೂ ಮನೆಯಲ್ಲೇ ಎರಡು ಪವರ್‌ಲೂಮ್ ನಡೆಸುತ್ತಿದ್ದರು. ಮಗ್ಗ ಕರೆಂಟಿನಲ್ಲಿ ತಾನೇ ಓಡುತ್ತದೆ, ನಿಜ. ಆದರೆ ಹಾಸಿನಲ್ಲಿ, ಅಂದರೆ ಮಗ್ಗದ ಉದ್ದಕ್ಕೆ ಎಳೆದು ಕಟ್ಟಿದ ನೂಲಿನಲ್ಲಿ, ಒಂದು ಎಳೆ ಕಡಿದರೆ ಅದಕ್ಕೆ ತಿಳಿಯುವುದಿಲ್ಲ. ಪಕ್ಕದಲ್ಲಿ ನಿಂತವರು ಕಂಡು, ಮಗ್ಗ ನಿಲ್ಲಿಸಿ, ಎಳೆಗೆ ಗಂಟು ಹಾಕಬೇಕು. ಅನುಸೂಯಮ್ಮನಿಗೆ ಕಡಿದ ಎಳೆ ಕಾಣದಾಯಿತು. ಗೆರೆ ಬಿದ್ದ ಸೀರೆಗಳು ವಾಪಸ್ ಬರತೊಡಗಿದವು.

ಅದು 1996ನೇ ಇಸವಿ. ಊರಿನ ಬಸ್ ಸ್ಟ್ಯಾಂಡಿನ ಹತ್ತಿರ ಹೊಸದೊಂದು ಕನ್ನಡಕದ ಅಂಗಡಿ ಬಂದಿತ್ತು. ಬಾಗಿಲ ಮೇಲೆ ‘ಕಂಪ್ಯೂಟರ್ ಮೂಲಕ ಕಣ್ಣು ಪರೀಕ್ಷೆ’ ಎಂದು ಕೆಂಪು ಅಕ್ಷರದಲ್ಲಿ ಬರೆಸಿದ್ದರು. ಪಿಳ್ಳಣ್ಣ ಹೆಂಡತಿಯನ್ನು ಅಲ್ಲಿಗೇ ಕರೆದುಕೊಂಡು ಹೋದ. ಅಂಗಡಿಯವನು ಅವಳ ಗದ್ದವನ್ನು ಯಂತ್ರದ ಮೇಲೆ ಇಡಿಸಿದ. ಒಳಗೆ ಉದ್ದನೆಯ ರಸ್ತೆ, ಅದರ ಕೊನೆಯಲ್ಲಿ ಒಂದು ಮನೆಯ ಚಿತ್ರ. ಯಂತ್ರ ಕಿರ್ ಎಂದಿತು, ಚೀಟಿಯೊಂದು ಹೊರಗೆ ಬಂತು.

“ಆಯ್ತಮ್ಮ, ಬುಧವಾರ ಬನ್ನಿ,” ಎಂದ ಅಂಗಡಿಯವನು.

ಹೇಗೆ ಕಾಣುತ್ತದೆ, ಏನು ಕೆಲಸ ಮಾಡುತ್ತೀರಿ ಎಂದು ಯಾರೂ ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಬುಧವಾರ ಕನ್ನಡಕ ಬಂತು. ಬೀದಿಯ ಕೊನೆಯಲ್ಲಿ ಬರುವವರ ಮುಖ ಸ್ಪಷ್ಟವಾಯಿತು. ಆದರೆ ಮಗ್ಗದ ಮುಂದೆ ನಿಂತರೆ ಎಳೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತಿದ್ದವು.

“ರೀ, ಎಳೆ ಇನ್ನೂ ಮಸುಕು ಮಸುಕಾಗೇ ಕಾಣ್ತದೆ ಕಣ್ರೀ,” ಎಂದಳು.

“ಕಂಪ್ಯೂಟರ್ ನೋಡಿ ಕೊಟ್ಟಿರೋದು ಕಣೇ ಅದು. ನಮ್ಮ ನಿಮ್ಮಂಗೆ ಅಂದಾಜಲ್ಲಿ ಹೇಳ್ತದಾ? ಹಾಕ್ಕೊ, ರೂಢಿ ಆಗ್ತದೆ.”

ರೂಢಿಯಾಗಲಿಲ್ಲ. ಸಂಜೆಯಾದರೆ ತಲೆನೋವು. ಒಂದು ದಿನ ಗಂಡ ಹೊರಗೆ ಹೋದಾಗ ಕನ್ನಡಕ ತೆಗೆದು ನೋಡಿದಳು. ಎಳೆ ಒಂದಿಷ್ಟು ವಾಸಿಯಾಗಿ ಕಂಡಿತು. ಅವಳಿಗೆ ಸಮಾಧಾನವಾಗುವ ಬದಲು ಹೆದರಿಕೆಯಾಯಿತು. ಕಂಪ್ಯೂಟರ್ ತಪ್ಪು ಹೇಳುವುದಿಲ್ಲ ಅಂದಮೇಲೆ ತಪ್ಪಿರುವುದು ತನ್ನ ತಲೆಯಲ್ಲೇ ಇರಬೇಕು. ಯಾರಿಗೂ ಹೇಳದೆ ಕನ್ನಡಕ ಮತ್ತೆ ಹಾಕಿಕೊಂಡಳು.

ಪಿಳ್ಳಣ್ಣನಿಗೆ ಬೇರೆಯೇ ಅನುಮಾನ. ಪಕ್ಕದ ಮನೆಯ ಸಪ್ಪಲಮ್ಮನ ಮುಂದೆ ಒಂದು ದಿನ ಅಂದೇಬಿಟ್ಟ. “ಕಣ್ಣಿಗೆ ಏನೂ ಆಗಿಲ್ಲ ಅಕ್ಕ. ಮಗ್ಗದ ಹತ್ರ ನಿಲ್ಲೋಕೆ ಬೇಜಾರು. ಅದಕ್ಕೆ ಈ ನಾಟಕ.”

ಅನುಸೂಯಮ್ಮ ಒಳಗಿನಿಂದ ಅದನ್ನು ಕೇಳಿಸಿಕೊಂಡಳು. ಆಮೇಲೆ ಅವಳು ಕಣ್ಣಿನ ಸುದ್ದಿ ಎತ್ತುವುದನ್ನೇ ಬಿಟ್ಟಳು. ಕಾಣಿಸುತ್ತದೆ ಎಂದೇ ಹೇಳುತ್ತಿದ್ದಳು.

ಆಷಾಢದ ಒಂದು ಮಧ್ಯಾಹ್ನ ಕಡಿದ ಎಳೆಯಂತೆ ಏನೋ ಕಂಡಿತು. ಮಗ್ಗ ನಿಲ್ಲಿಸಿ ನೋಡಿದರೆ ಏನೂ ಇಲ್ಲದಿದ್ದರೆ ಗಂಡ ಮತ್ತೆ ಆಡಿಕೊಳ್ಳುತ್ತಾನೆ. ಓಡುವ ಮಗ್ಗಕ್ಕೇ ಕೈ ಹಾಕಿದಳು. ಎಳೆ ಅಂದುಕೊಂಡಷ್ಟು ಹತ್ತಿರ ಇರಲಿಲ್ಲ. ನೂಲನ್ನು ಬಡಿದು ಕೂರಿಸುವ ಮಗ್ಗದ ಹಲಗೆ ಬಂದು ಅವಳ ಎರಡು ಬೆರಳನ್ನು ಜಜ್ಜಿತು.

ಕಿರುಚಾಟ ಕೇಳಿ ಸಪ್ಪಲಮ್ಮ ಓಡಿ ಬಂದು ಮಗ್ಗ ನಿಲ್ಲಿಸಿದಳು. ಕೈಗೆ ಕಟ್ಟು ಹಾಕಿಸಿಕೊಂಡು ಬಂದಮೇಲೆ ಅನುಸೂಯಮ್ಮ ಅವಳ ಹತ್ತಿರ ಎಲ್ಲವನ್ನೂ ಹೇಳಿದಳು. ಕನ್ನಡಕ ತೆಗೆದರೆ ವಾಸಿ ಎನ್ನುವುದನ್ನೂ ಹೇಳಿದಳು.

“ಅಲ್ಲ ಕಣೇ, ಕಾಣ್ಸಲ್ಲ ಅಂತ ನಿನ್ನ ಕಣ್ಣೇ ಹೇಳ್ತಿದೆ. ಅದರ ಮಾತು ಬಿಟ್ಟು ಚೀಟಿ ಮಾತು ನಂಬ್ಕೊಂಡಿದ್ದೀಯಲ್ಲ,” ಎಂದಳು ಸಪ್ಪಲಮ್ಮ. “ಶನಿವಾರ ಸರ್ಕಾರಿ ಆಸ್ಪತ್ರೇಲಿ ಕಣ್ಣಿನ ಶಿಬಿರ ಐತೆ. ನಡಿ, ನಾನೂ ಬರ್ತೀನಿ.” ಆಗಷ್ಟೇ ಒಳಗೆ ಬಂದ ಪಿಳ್ಳಣ್ಣನತ್ತ ತಿರುಗಿ ಅಂದಳು, “ನೀನೂ ಬಾಪ್ಪ.”

ಶಿಬಿರದಲ್ಲಿ ಉದ್ದನೆಯ ಸಾಲು. ಮುಂದಿನವರು ಗೋಡೆಯ ಮೇಲಿನ ಅಕ್ಷರಗಳನ್ನು ಓದುತ್ತಿದ್ದರು. ಅನುಸೂಯಮ್ಮ ತುಟಿಯಲ್ಲೇ ಅದನ್ನು ಬಾಯಿಪಾಠ ಮಾಡಿಕೊಂಡಳು. ಈ ಸಲವೂ ತಪ್ಪು ಹೇಳಿದರೆ ಹುಚ್ಚಿ ಅಂದುಬಿಡುತ್ತಾರೆ ಎಂಬ ಭಯ ಅವಳಿಗೆ. ತನ್ನ ಸರದಿ ಬಂದಾಗ ಕನ್ನಡಕ ತೆಗೆದು, ಕಂಪ್ಯೂಟರಿನ ಚೀಟಿಯ ಜೊತೆ ಮೇಜಿನ ಮೇಲಿಟ್ಟು, ಎಲ್ಲ ಸಾಲುಗಳನ್ನೂ ತಡೆಯದೆ ಒಪ್ಪಿಸಿದಳು.

ಡಾಕ್ಟರಮ್ಮ ಅವಳ ಮುಖ ನೋಡಿ, ಎದ್ದು ಹೋಗಿ ಬೇರೆ ಅಕ್ಷರದ ಹಲಗೆ ತಗುಲಿಸಿದರು. “ಈಗ ಓದಿ.”

ಕೆಳಗಿನ ಸಾಲುಗಳಿಗೆ ಬರುತ್ತಲೇ ಅನುಸೂಯಮ್ಮನಿಗೆ ಅಕ್ಷರ ಕಾಣದಾಯಿತು. ತಲೆ ತಗ್ಗಿಸಿದಳು.

“ಅಮ್ಮ, ಇಲ್ಲಿ ಪಾಸು ಫೇಲು ಇಲ್ಲ,” ಎಂದರು ಡಾಕ್ಟರಮ್ಮ. “ಕಾಣದೇ ಇದ್ದಿದ್ದನ್ನ ಕಾಣಲ್ಲ ಅಂತ ಹೇಳಿದ್ರೇನೇ ನನ್ನ ಕೆಲಸ ಸುಲಭ. ಸರಿ, ನೀವು ಏನು ಕೆಲಸ ಮಾಡ್ತೀರಿ?”

“ಮಗ್ಗ ನೋಡ್ಕೋತೀನಮ್ಮ.”

“ಎಳೆ ಎಷ್ಟು ದೂರ ಇರುತ್ತೆ? ತೋರಿಸಿ.”

ಅವಳು ಕೈ ಚಾಚಿ ತೋರಿಸಿದಳು. ಡಾಕ್ಟರಮ್ಮ ಅವಳ ಕಣ್ಣಿಗೆ ಒಂದು ಚೌಕಟ್ಟು ಹಾಕಿ, ಗಾಜುಗಳನ್ನು ಬದಲಾಯಿಸುತ್ತಾ ಕೇಳತೊಡಗಿದರು. “ಇದು ಚೆನ್ನಾಗಿದೆಯಾ, ಇದಾ?”

ಪಿಳ್ಳಣ್ಣ ಸಪ್ಪಲಮ್ಮನ ಕಿವಿಯಲ್ಲಿ ಗೊಣಗಿದ. “ಇವರ ಹತ್ರ ಕಂಪ್ಯೂಟರೂ ಇಲ್ಲ. ಗೊತ್ತಿದ್ರೆ ಇವಳನ್ನ ಯಾಕೆ ಕೇಳ್ತಾರೆ?”

ಅದು ಡಾಕ್ಟರಮ್ಮನಿಗೆ ಕೇಳಿಸಿತು. “ಕಣ್ಣು ಅವರದಲ್ವಾ ಯಜಮಾನ್ರೇ? ಆ ಯಂತ್ರ ಸುಳ್ಳು ಹೇಳಿಲ್ಲ. ದೂರ ನೋಡೋಕೆ ಎಷ್ಟು ಪವರ್ ಬೇಕು ಅಂತ ಅಳೆದಿದೆ. ಇವರು ಕೈಯಳತೆ ದೂರದಲ್ಲಿ ಎಳೆ ಹುಡುಕ್ತಾರೆ ಅಂತ ಅದಕ್ಕೆ ಹೇಗೆ ಗೊತ್ತಾಗ್ಬೇಕು? ನಲವತ್ತು ದಾಟಿದ ಮೇಲೆ ಹತ್ತಿರಕ್ಕೆ ಬೇರೆ ಪವರ್ ಬೇಕಾಗುತ್ತೆ. ಅದನ್ನ ಕೇಳಿಯೇ ತಿಳ್ಕೊಬೇಕು.” ಆಮೇಲೆ ಅವನ ಕೈಗೆ ಒಂದು ದಾರ ಕೊಟ್ಟರು. “ಮಗ್ಗದಷ್ಟು ದೂರದಲ್ಲಿ ಹಿಡ್ಕೊಳ್ಳಿ.”

ಪಿಳ್ಳಣ್ಣನಿಗೆ ಇನ್ನೂ ನಂಬಿಕೆಯಿಲ್ಲ. ಹೆಂಡತಿಯನ್ನು ಪರೀಕ್ಷಿಸಿಯೇ ಬಿಡೋಣ ಎಂದು, ಬೆನ್ನ ಹಿಂದೆ ದಾರವನ್ನು ಮಡಚಿ, ಜೋಡಿ ಎಳೆ ಮಾಡಿ ಅವಳ ಮುಂದೆ ಹಿಡಿದ.

ಅನುಸೂಯಮ್ಮ ಒಂದು ಗಳಿಗೆ ನೋಡಿದಳು. “ಅದೇನು, ಎರಡೆಳೆ ಹಿಡ್ಕೊಂಡಿದ್ದೀರಿ? ಒಂದು ಸಡಿಲ ಬೇರೆ ಆಗೈತೆ.”

ಪಿಳ್ಳಣ್ಣ ತನ್ನ ಕೈಯನ್ನೇ ನೋಡಿಕೊಂಡ. ಆಮೇಲೆ ಕಟ್ಟು ಹಾಕಿದ ಅವಳ ಬೆರಳು ಅವನ ಕಣ್ಣಿಗೆ ಬಿತ್ತು. ಮನೆಗೆ ಬಂದು ಹೊಸಿಲು ದಾಟುವಾಗ ಮೆಲ್ಲಗೆ ಅಂದ, “ನಿನ್ನ ಮಾತು ಕೇಳ್ಬೇಕಾಗಿತ್ತು ಕಣೇ. ತಪ್ಪಾಯ್ತು.”

ಡಾಕ್ಟರಮ್ಮ ಬರೆದುಕೊಟ್ಟ ಹೊಸ ಕನ್ನಡಕ ಬಂದ ದಿನ ಅನುಸೂಯಮ್ಮ ಕನ್ನಡಕದ ಅಂಗಡಿಯಲ್ಲೇ ಅದನ್ನು ಹಾಕಿಕೊಂಡು, ಸೆರಗನ್ನು ಕೈಯಳತೆ ದೂರ ಹಿಡಿದು ನೋಡಿ, ಆಮೇಲೆಯೇ ಹೊರಗೆ ಬಂದಳು. ಅವಳ ಒಂದು ಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ. ಆದರೆ ಸೀರೆಗಳು ವಾಪಸ್ ಬರುವುದು ನಿಂತಿದೆ.

ಅಕ್ಕಂದಿರೇ, ಅಣ್ಣಂದಿರೇ, ಯಂತ್ರದಿಂದ ಕಣ್ಣು ಪರೀಕ್ಷೆ ಮಾಡಿಸಿಕೊಳ್ಳುವುದು ತಪ್ಪಲ್ಲ. ಆದರೆ ಚೀಟಿ ಬಂದ ಕೂಡಲೇ ಎದ್ದು ಬರಬೇಡಿ. ನೀವು ಮಾಡುವ ಕೆಲಸ ಯಾವುದು, ಅದು ಕಣ್ಣಿಗೆ ಎಷ್ಟು ದೂರ ಎಂದು ಹೇಳಿ. ಕಂಡದ್ದನ್ನು ಕಂಡಂತೆ ಹೇಳಿ, ಕಾಣದ್ದನ್ನು ಕಾಣುವುದಿಲ್ಲ ಎನ್ನಿ. ಹೊಸ ಕನ್ನಡಕ ಹಾಕಿಯೂ ತಲೆನೋವು, ಮಸುಕು ಇದ್ದರೆ ಸುಮ್ಮನಿರದೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಮನೆಯವರು ಯಾರಾದರೂ ಕಾಣುತ್ತಿಲ್ಲ ಎಂದರೆ ಅವರ ಮಾತನ್ನು ನಂಬಿ. ಅವರ ಕಣ್ಣಿನೊಳಗಿಂದ ನೋಡುವವರು ಅವರೊಬ್ಬರೇ.