ತೊಂಬತ್ತು ದಿನದ ಸುಳ್ಳು

ಎದೆಮಟ್ಟದ ಗುಂಡಿಯಲ್ಲಿ ನಿಂತು ಪುಟ್ಟಮಾದಪ್ಪ ಇನ್ನೂ ಹಾರೆ ಹಾಕುತ್ತಲೇ ಇದ್ದ. ಮೇಲೆ ನಿಂತಿದ್ದ ಚನ್ನಬಸವ ಮೂರನೇ ಸಲ, "ಸಾಕು ಕಣಪ್ಪ, ಅಣ್ಣ ಕುಂತ್ಕಳಕೆ ಇಷ್ಟು ಸಾಕು" ಎಂದ.

ಸತ್ತವರು ಚನ್ನಬಸವನ ಅಣ್ಣ, ಕೊಳ್ಳೇಗಾಲದಲ್ಲಿ ಅರ್ಥಶಾಸ್ತ್ರ ಪಾಠ ಹೇಳುತ್ತಿದ್ದ ಮಲ್ಲಿಕಾರ್ಜುನಸ್ವಾಮಿ ಮೇಷ್ಟ್ರು. ಹನೂರು ಸೀಮೆಯ ಕೂಲಿಯವರಿಗೆ ವರ್ಷಕ್ಕೆ ಎಷ್ಟು ದಿನ ಕೆಲಸ ಸಿಗುತ್ತದೆಂದು ಹತ್ತೊಂಬತ್ತು ವರ್ಷ ವಿಚಾರಿಸುತ್ತಲೇ ಇದ್ದ ಪುಣ್ಯಾತ್ಮ. ಬೆಳಿಗ್ಗೆ ಗುಂಡಿ ತೋಡಲು ಅವರ ಸ್ವಂತ ಊರು ಯಳಂದೂರಿನಲ್ಲಿ ಒಂದು ಆಳೂ ಸಿಗಲಿಲ್ಲ. ಚನ್ನಬಸವ ಅಣ್ಣನ ಲೆಕ್ಕದ ಪುಸ್ತಕ ತೆಗೆದು, 'ಕೆಲಸ ಸಾಲದವರು' ಎಂಬ ಪುಟದಲ್ಲಿದ್ದ ಹದಿನಾಲ್ಕು ಜನಕ್ಕೂ ಫೋನು ಮಾಡಿದ. ಹದಿಮೂರು ಜನ ಪುರಸೊತ್ತಿಲ್ಲ ಎಂದರು. ಶಾಗ್ಯದ ಪುಟ್ಟಮಾದಪ್ಪನಿಗೂ ಪುರಸೊತ್ತಿರಲಿಲ್ಲ. ಆದರೂ ಒಪ್ಪಿಕೊಂಡಿದ್ದ ಕೆಲಸ ಬಿಟ್ಟು ಸಿಕ್ಕಿದ ಬಸ್ಸು ಹತ್ತಿದ. ಮೇಷ್ಟ್ರಿಗೆ ಹೇಳಿದ್ದ ಸುಳ್ಳೊಂದು ಅವನನ್ನು ಕೊರೆಯುತ್ತಿತ್ತು. ಮಣ್ಣು ಮುಚ್ಚುವುದರೊಳಗೆ ಅದನ್ನು ಒಪ್ಪಿಕೊಂಡುಬಿಡಬೇಕಿತ್ತು.

*

ಮೇಷ್ಟ್ರು ಮೊದಲ ಸಲ ಹೆಗಲಿಗೆ ಬ್ಯಾಗು ಹಾಕಿಕೊಂಡು ಶಾಗ್ಯಕ್ಕೆ ಬಂದಾಗ, ಬ್ಯಾಗಿನವರೆಲ್ಲ ಸರ್ಕಾರದವರೇ ಎಂದು ಇಡೀ ಬೀದಿ ತೀರ್ಮಾನಿಸಿತ್ತು. ಕೆಲಸ ಕಮ್ಮಿ ಅಂದರೆ ಮನೆ ಮಂಜೂರಾದೀತು! ಪುಟ್ಟಮಾದಪ್ಪ ಮುಖ ಸಪ್ಪಗೆ ಮಾಡಿಕೊಂಡು ತೊಂಬತ್ತು ದಿನ ಎಂದ. ಮನೆ ಬರಲಿಲ್ಲ, ಮೇಷ್ಟ್ರು ಬಂದರು, ವರ್ಷಾ ವರ್ಷಾ. ಹೇಳಿದ್ದನ್ನು ಬದಲಾಯಿಸಲು ಅವನಿಗೆ ನಾಚಿಕೆ. ಪ್ರತಿಸಲವೂ ತೊಂಬತ್ತೇ.

ಇನ್ನು ಬಂದಾಗಲೆಲ್ಲ ಅವನು ಮನೆಯಲ್ಲಿ ಸಿಕ್ಕಿದ್ದುಂಟೇ? ಅರಿಶಿನ ಕೀಳಲೋ ಜೋಳ ಮುರಿಯಲೋ ಹೋಗಿರುತ್ತಿದ್ದ. ಮೇಷ್ಟ್ರು ಜಗಲಿಯ ಮೇಲೆ ಸಂಜೆಯವರೆಗೂ ಕಾದು, ಮಣ್ಣುಗೈಯಲ್ಲಿ ಬಂದವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವನಿಗೆ ಕೆಲಸವೇ ಇಲ್ಲವೆಂದು ಬರೆದುಕೊಂಡು ಹೋಗುತ್ತಿದ್ದರು.

*

ಮೇಷ್ಟ್ರನ್ನು ಗುಂಡಿಯಲ್ಲಿ ಕೂರಿಸಿ ವಿಭೂತಿ, ಪತ್ರೆ ಹಾಕಿದ್ದಾಯಿತು. ಮಣ್ಣೆಳೆಯಬೇಕಾದ ಪುಟ್ಟಮಾದಪ್ಪ ಗುದ್ದಲಿ ಬಿಟ್ಟು ಮೇಷ್ಟ್ರ ಹೆಂಡತಿ ಸುವರ್ಣಮ್ಮನ ಮುಂದೆ ಹೋಗಿ ನಿಂತ.

"ಅವ್ವಾ, ತೊಂಬತ್ತು ಅಂದಿದ್ದು ಸುಳ್ಳು ಕಣವ್ವ. ವರ್ಸಕ್ಕೆ ಮುನ್ನೂರು ದಿನ ಗೇದಿವ್ನಿ. ಮೇಷ್ಟ್ರು ಬರ್ದಿದ್ದೆಲ್ಲ ನನ್ನಿಂದ ಕೆಟ್ಟೋಯ್ತು."

ಅಳುತ್ತಿದ್ದ ಸುವರ್ಣಮ್ಮನಿಗೆ ನಗು ಬಂದುಬಿಟ್ಟಿತು. "ಅವ್ರಿಗೆ ಗೊತ್ತಿತ್ತು ಕಣಪ್ಪ. ಕೆಲ್ಸ ಇಲ್ದೋನು ಇವತ್ತೂ ಸಂಜೆಗಂಟ ಕೈಗೆ ಸಿಗ್ನಿಲ್ಲ ಅಂತ ನಗೋರು. ನಿಜ ಅವನ ಬಾಯಿಂದ್ಲೇ ಬರ್ಲಿ, ಮುಂದಿನ್ ವರ್ಸ ತಿರ್ಗ ಓಯ್ತೀನಿ ಅನ್ನೋರು."

ಮೇಷ್ಟ್ರ ಜೊತೆಯಲ್ಲೇ ಇಡಲೆಂದು ತಂದಿದ್ದ ಬ್ಯಾಗಿನಿಂದ ಸುವರ್ಣಮ್ಮ ಈ ವರ್ಷದ ಫಾರಂ ತೆಗೆದರು. ಪುಟ್ಟಮಾದಪ್ಪನ ಹೆಸರು, ಊರು, ವಯಸ್ಸು ಆಗಲೇ ಮೇಷ್ಟ್ರ ಅಕ್ಷರದಲ್ಲಿತ್ತು. ಕೆಲಸದ ದಿನ ಬರೆಯುವ ಜಾಗ ಖಾಲಿ.

ಚನ್ನಬಸವ ಹೊತ್ತಾಯಿತೆಂದು ಗೊಣಗಿದ. ಪುಟ್ಟಮಾದಪ್ಪ ಅವಸರವಿಲ್ಲದೆ ಬೆರಳು ಮಡಿಚಿ ಎಣಿಸಿದ.

"ಮುನ್ನೂರ ಹನ್ನೆರಡು" ಎಂದ. ಸುವರ್ಣಮ್ಮ ಬರೆದರು. ಅವನು ಗುಂಡಿಯ ಕಡೆ ಒಮ್ಮೆ ನೋಡಿದ. "ಒಂದು ಕಳ್ದುಬುಡಿ ಅವ್ವ. ಇವತ್ತಿಂದು ಕೂಲಿ ಅಲ್ಲ."

ಸುವರ್ಣಮ್ಮ ಹೊಡೆದುಹಾಕಿ ಮುನ್ನೂರ ಹನ್ನೊಂದು ಎಂದು ಬರೆದುಕೊಟ್ಟರು. ಪುಟ್ಟಮಾದಪ್ಪ ಹಸಿಮಣ್ಣಿನ ಹೆಬ್ಬೆಟ್ಟನ್ನು ಅದರ ಮೇಲೆ ಒತ್ತಿ, ಗುಂಡಿಗಿಳಿದು, ಫಾರಮ್ಮನ್ನು ಮೇಷ್ಟ್ರ ಮಡಿಲಲ್ಲಿ ಅಕ್ಷರ ಅವರ ಕಡೆ ಬರುವಂತೆ ತಿರುಗಿಸಿಟ್ಟ.