ಆರನೇ ಫರ್ಲಾಂಗು

"ಝಾರಿ ಮ್ಯಾಲ ಹಿಡೀಲೇ ಬೋಸುಡಿ! ನಿಮ್ಮಪ್ಪನ ಗಾಣದ ಎಣ್ಣಿ ಅಂತ ತಿಳಿದಿಯೇನ, ಹಂಗ ಸುರಿಯಾಕ ಹತ್ತಿ?"

ಮುಕಾದಮ ಅಂದಪ್ಪನ ಬೈಗುಳ ರೋಲರಿನ ಸದ್ದನ್ನೂ ಮೀರಿ ಬಂತು. ಮಾಳವ್ವ ಝಾರಿಯನ್ನು ಮೇಲೆತ್ತಲಿಲ್ಲ. ಕುದಿಯುವ ಡಾಂಬರು ತುಂಬಿದ ತಗಡಿನ ಝಾರಿಯನ್ನು ಎತ್ತಿ ಹಿಡಿದರೆ ಗಾಳಿಗೆ ಹನಿ ಸಿಡಿದು ಮೊಳಕಾಲಿಗೆ ಹತ್ತುತ್ತದೆ. ಒಮ್ಮೆ ಹತ್ತಿದ ಡಾಂಬರು ಚರ್ಮ ಕಿತ್ತುಕೊಂಡೇ ಬಿಡುವುದು. ಕೊಡೆಯ ನೆರಳಲ್ಲಿ ನಿಂತವನಿಗೆ ಇದು ಹೇಗೆ ಗೊತ್ತಾಗಬೇಕು?

"ತೆಳ್ಳಗ ಹಾಕಿದ್ರ ಖಡಿಕಲ್ಲ ಹಿಡಿಯೂದಿಲ್ರಿ," ಎಂದಳು.

"ನೀ ಯಾವ ಇಂಜಿನೇರನ ಹೇಂತಿಲೇ? ಹೇಳಿದಷ್ಟ ಹಾಕು. ಇಲ್ಲಾಂದ್ರ ಝಾರಿ ಇಟ್ಟು ನಡಿ."

ಅವಳು ಝಾರಿ ಇಡಲಿಲ್ಲ. ಕಾಲಿಗೆ ಸುತ್ತಿದ ಗೋಣಿತಟ್ಟಿನ ಚೂರನ್ನು ಬಿಗಿ ಮಾಡಿಕೊಂಡು ಮುಂದಕ್ಕೆ ನಡೆದಳು.

ಅದು ಎಪ್ಪತ್ತೊಂಬತ್ತರ ಬೇಸಿಗೆ. ಲಕ್ಷ್ಮೇಶ್ವರದಿಂದ ಶಿರಹಟ್ಟಿಗೆ ಹೋಗುವ ಸರಕಾರಿ ರಸ್ತೆಯಿಂದ ಕವಲೊಡೆದು ಕರೇಕಟ್ಟಿ ಊರು ದಾಟಿ ಮಾದರ ಕೇರಿಯವರೆಗೆ ಡಾಂಬರು ಹಾಕಬೇಕೆಂದು ಮಂಜೂರಾಗಿತ್ತು. ಒಟ್ಟು ಆರು ಫರ್ಲಾಂಗು, ಅಂದರೆ ಮುಕ್ಕಾಲು ಮೈಲು. ಕಂತ್ರಾಟು ಹಿಡಿದವನು ಊರ ಗೌಡ ದೇವೇಂದ್ರಪ್ಪನೇ. ಕೆಲಸ ನೋಡಿಕೊಳ್ಳಲು ಸರಕಾರ ಕಳಿಸಿದವನು ಓವರ್ಸಿಯರ್ ವಿರೂಪಾಕ್ಷಪ್ಪ. ಅವನ ಊಟ, ಮಲಗುವುದು ಎಲ್ಲವೂ ಗೌಡನ ಮನೆಯಲ್ಲೇ.

ಮಾಳವ್ವ ಆ ಕೇರಿಯವಳು. ಹಿಂದಿನ ಶ್ರಾವಣದಲ್ಲಿ ಅವಳಿಗೆ ಹೆರಿಗೆ ನೋವು ಬಂದಾಗ ಆಸ್ಪತ್ರೆಯ ಜೀಪು ದೊಡ್ಡ ರಸ್ತೆಯ ಮೇಲೇ ನಿಂತುಬಿಟ್ಟಿತ್ತು. ನಾಲ್ಕು ಜನ ಅವಳನ್ನು ಹೊರಸಿನ ಮೇಲೆ ಮಲಗಿಸಿ ಹೊತ್ತುಕೊಂಡು ಹೊರಟರು. ಎರೆಮಣ್ಣಿನ ಕೆಸರಿನಲ್ಲಿ ಮೊಳಕಾಲುಮಟ ಹುಗಿದು ಅರ್ಧ ಹಾದಿಗೇ ನಿಂತರು. ಕೂಸು ಅಲ್ಲೇ ಹುಟ್ಟಿತು. ಅಳಲಿಲ್ಲ. ಕೇರಿಗೆ ಡಾಂಬರು ಬರುತ್ತದೆ ಎಂದು ಕೇಳಿದ ದಿನ ಯಾರೂ ಕರೆಯದೆ ಅವಳೇ ಕೆಲಸಕ್ಕೆ ಬಂದು ನಿಂತಿದ್ದಳು.

ಡಾಂಬರು ಕಾಸುವವನು ಬೆಟಗೇರಿಯ ಗುಡುಸಾಬ. ಇಪ್ಪತ್ತು ವರ್ಷ ಹೊಗೆ ಕುಡಿದು ಕಣ್ಣು ಯಾವಾಗಲೂ ಕೆಂಪು. ಅಕ್ಷರ ಬರುತ್ತಿರಲಿಲ್ಲ. ಆದರೆ ಹಾದಿಯನ್ನು ಒಮ್ಮೆ ನಡೆದು ಬಂದರೆ ಎಷ್ಟು ಡಾಂಬರು ಬೇಕೆಂದು ನಿಂತಲ್ಲೇ ಹೇಳುತ್ತಿದ್ದ. ಮಾಳವ್ವನಿಗೂ ಅದನ್ನು ಕಲಿಸಿದ್ದ.

"ಹಾದಿ ಹತ್ತು ಫೂಟ ಅಗಲ ಇದ್ರ ಒಂದ ಪೀಪಾಯಿಗೆ ಮೂವತ್ತ ಹೆಜ್ಜಿ, ತಂಗಿ. ಫರ್ಲಾಂಗಿಗೆ ಏಳ ಪೀಪಾಯಿ. ಹೆಚ್ಚ ಹಾಕಿದಿ ಅಂದ್ರ ಬ್ಯಾಸಗ್ಯಾಗ ಕರಗಿ ಕಾಲಿಗೆ ಹತ್ತತೈತಿ. ಕಡಿಮಿ ಹಾಕಿದಿ ಅಂದ್ರ ಮೊದಲನೇ ಮಳಿಗೆ ಎದ್ದ ಹೋಗತೈತಿ."

ಲಾರಿಯಿಂದ ಇಳಿದ ನಲವತ್ತೆರಡು ಪೀಪಾಯಿಗಳನ್ನು ಉರುಳಿಸಿ ತಂದವಳು ಮಾಳವ್ವನೇ. ಗುಡುಸಾಬ ಅವನ್ನು ಗೌಡನ ಹತ್ತಿ ಗೋದಾಮಿನ ಮುಂದೆ ಏಳೇಳರಂತೆ ಆರು ಸಾಲು ನಿಲ್ಲಿಸಿದ. ಒಂದು ಫರ್ಲಾಂಗಿಗೆ ಒಂದು ಸಾಲು. ಕೊನೆಯ ಸಾಲನ್ನು ತೋರಿಸಿ, "ಇದು ನಿಮ್ಮ ಕೇರೀದು," ಎಂದಿದ್ದ.

ಹಾದಿ ಕೆಲಸ ಶುರುವಾದ ಮೂರನೇ ದಿನ ಮುಂಜಾನೆ, ಡಾಂಬರು ಕಾಸುವ ಮುಂಚೆಯೇ, ಎರಡು ಸಾಲು ಇರಲಿಲ್ಲ.

"ಕಾಕಾ, ಹದಿನಾಕ ಪೀಪಾಯಿ ಎಲ್ಲಿ ಹೋದವು?"

ಗುಡುಸಾಬ ಗೋದಾಮಿನ ಮೇಲಕ್ಕೆ ಗದ್ದ ಎತ್ತಿ ತೋರಿಸಿದ. ಗೌಡನ ಗೋದಾಮಿನ ಮಾಳಿಗೆ ಎರಡು ಮಳೆಗಾಲದಿಂದ ಸೋರುತ್ತಿತ್ತು. ಎಂಬತ್ತು ಫೂಟು ಉದ್ದ, ಅರವತ್ತು ಫೂಟು ಅಗಲ. ತಟ್ಟು ಹಾಸಿ ಮೂರು ಕೈ ಡಾಂಬರು ಬಳಿದರೆ ಸರಿಯಾಗಿ ಹದಿನಾಲ್ಕು ಪೀಪಾಯಿ. ಆ ಲೆಕ್ಕ ಹಾಕಿಕೊಟ್ಟವನೂ ಗುಡುಸಾಬನೇ.

"ಓವರ್ಸಿಯರ ಕೇಳಿದ, ಹೇಳಿದೆ," ಎಂದು ಅವನು ಬೆಂಕಿಗೆ ಕಟ್ಟಿಗೆ ಒಟ್ಟಿದ. "ಯಾಕ ಕೇಳ್ಯಾನ ಅನ್ನೂದು ತಡಾ ಮಾಡಿ ತಿಳೀತು."

ಅಂದು ಮಾಳವ್ವನನ್ನೂ ಕೇರಿಯ ಗದಿಗೆವ್ವನನ್ನೂ ಮಾಳಿಗೆಯ ಕೆಲಸಕ್ಕೆ ಹಚ್ಚಿದರು. ಪಕ್ಕದಲ್ಲೇ ಇದ್ದ ಗೌಡನ ಮನೆಯ ಅಂಗಳ ತುಳಿಯಕೂಡದೆಂದು ಗೋದಾಮಿನ ಹಿಂದೆ ತಿಪ್ಪೆಯ ಪಕ್ಕದಲ್ಲಿ ಬಿದಿರಿನ ಏಣಿ ಹಚ್ಚಿದ್ದರು. ಗದಿಗೆವ್ವನಿಗೆ ವಯಸ್ಸಾಗಿತ್ತು, ಬಾಯಿ ಮಾತ್ರ ಹರಿತ.

"ಅಲ್ರೀ ಗೌಡ್ರ, ಅಂಗಳಕ್ಕ ಮೈಲಿಗಿ ಆಗತೈತಿ, ಮಾಳಗಿಗೆ ಆಗೂದಿಲ್ಲೇನ್ರಿ?"

ದೇವೇಂದ್ರಪ್ಪ ಅಡಕೆ ಅಗಿಯುತ್ತಲೇ ನಕ್ಕ. "ಬಿಸಿ ಡಾಂಬರ ಮೈಲಿಗಿ ಸುಡತೈತಿ, ಮುದುಕಿ. ಸುಮ್ನ ಹತ್ತು."

ಮಧ್ಯಾಹ್ನದ ಹೊತ್ತಿಗೆ ಮಾಳಿಗೆ ಕಾದ ಹೆಂಚಾಯಿತು. ಮಾಳವ್ವ ಅಂಚಿಗೆ ಬಂದು ನೀರು ಕೇಳಿದಳು. ಗೌಡನ ಹೆಂಡತಿ ಶಾರದವ್ವ ತಂಬಿಗೆ ತಂದಳು. ಇಬ್ಬರೂ ಇಳಿದು ಬಂದು ತಿಪ್ಪೆಯ ಬದಿಗೆ ಕುಕ್ಕರಿಸಿ ಬೊಗಸೆಯೊಡ್ಡಿದರು. ನೀರು ಎತ್ತರದಿಂದ ಬಿತ್ತು. ಅರ್ಧ ಬೊಗಸೆಗೆ, ಅರ್ಧ ಮೂಗಿಗೆ. ಬೊಗಸೆಯ ಡಾಂಬರು ಕಂಡು ಶಾರದವ್ವ, "ಥೂ, ಕೈ ನೋಡು," ಎಂದು ಮುಖ ಸಿಂಡರಿಸಿದಳು. ಆ ಕೈ ಡಾಂಬರು ಬಳಿದದ್ದು ಅವಳದೇ ಮಾಳಿಗೆಗೆ.

ಆಮೇಲೆ ಹಾದಿಗೆ ಡಾಂಬರು ಬೀಳತೊಡಗಿದಾಗ ಲೆಕ್ಕವೇ ಬೇರೆಯಾಯಿತು. ಒಂದು ಪೀಪಾಯಿಗೆ ಮೂವತ್ತು ಹೆಜ್ಜೆ ಹೋಗಿ ಐವತ್ತಾಯಿತು. ಅಂದಪ್ಪ ಮಣ್ಣು ಗುಡಿಸಲೂ ಬಿಡಲಿಲ್ಲ. ಧೂಳಿನ ಮೇಲೆ ಕರಿ ನೀರು ಚಿಮುಕಿಸಿದಂತೆ ಡಾಂಬರು, ಅದರ ಮೇಲೆ ಖಡಿ, ಅದರ ಮೇಲೆ ರೋಲರು. ಇಪ್ಪತ್ತೊಂದು ಪೀಪಾಯಿಯಲ್ಲಿ ಐದು ಫರ್ಲಾಂಗು ಮುಗಿಯಿತು. ಗೌಡನ ಗೋದಾಮು ದಾಟಿದ ಮೇಲೆ ಡಾಂಬರೇ ಇಲ್ಲ. ಅಲ್ಲಿಂದ ಕೇರಿಯವರೆಗೆ ಬರೀ ಖಡಿ ಹರವಿದ್ದರು. ಬರಿಗಾಲಲ್ಲಿ ನಡೆಯುವವರಿಗೆ ಮೊದಲಿನ ಮಣ್ಣೇ ಮೇಲಾಗಿತ್ತು.

ಏಳು ಪೀಪಾಯಿಯ ಒಂದು ಸಾಲು ಮಾತ್ರ ಹಾಗೇ ನಿಂತಿತ್ತು.

"ಅದು ಗದಗಕ್ಕ ಹೊಂಟೈತಿ," ಎಂದ ಗುಡುಸಾಬ, ಚಿಮಣಿ ಎಣ್ಣೆಯಲ್ಲಿ ಕೈ ಉಜ್ಜಿಕೊಳ್ಳುತ್ತ. "ಗೌಡನ ಬೀಗರ ಮನಿ ಮಾಳಗಿ ಸೋರತೈತಂತ. ನಾಡದು ಲಾರಿ ಬರತೈತಿ."

ಮಾಳವ್ವ ಆ ಸಾಲಿನ ಹತ್ತಿರ ಹೋಗಿ ಪೀಪಾಯಿಗಳನ್ನು ಒಂದೊಂದಾಗಿ ಮುಟ್ಟಿ ಎಣಿಸಿದಳು. ಏಳೂ ಇದ್ದವು.

ಮರುದಿನ ಮುಂಜಾನೆ ಓವರ್ಸಿಯರ್ ಟೇಪು, ಬುಕ್ಕು ತೆಗೆದುಕೊಂಡು ಅಳತೆಗೆ ಬಂದ. ಟೇಪಿನ ಒಂದು ತುದಿ ಹಿಡಿಯಲು ಮಾಳವ್ವನನ್ನು ಕರೆದರು. ಅಳೆಯುತ್ತ ಅಳೆಯುತ್ತ ಗೋದಾಮಿನ ಮುಂದೆ ಡಾಂಬರು ಮುಗಿದಲ್ಲಿಗೆ ಬಂದು ನಿಂತರು. ವಿರೂಪಾಕ್ಷಪ್ಪ ಟೇಪು ಸುತ್ತಲು ಹೇಳಿ, ಬುಕ್ಕು ತೆರೆದು, "ಆರು ಫರ್ಲಾಂಗ, ಪೂರಾ," ಎಂದು ಗೌಡನಿಗೆ ಕೇಳುವಂತೆ ಅಂದು ಬರೆಯತೊಡಗಿದ.

"ಸಾಹೇಬ್ರ, ಐದಕ್ಕ ನಿಂತೈತ್ರಿ," ಎಂದಳು ಮಾಳವ್ವ.

ಓವರ್ಸಿಯರ್ ತಲೆ ಎತ್ತಲಿಲ್ಲ. ದೇವೇಂದ್ರಪ್ಪನೇ ಅಂದ: "ನಿನ್ನ ಯಾರ ಕೇಳ್ಯಾರಲೇ? ಟೇಪ ಹಿಡಿ ಅಂದ್ರ ಹಿಡೀಬೇಕು."

"ಆರನೇದು ನಮ್ಮ ಕೇರೀದ್ರಿ. ಅಲ್ಲಿ ಡಾಂಬರ ಎಲ್ಲೈತ್ರಿ?"

"ನಿಮ್ಮ ಕೇರಿಗ್ಯಾಕಲೇ ಡಾಂಬರ? ಮೋಟಾರ ಇಟ್ಟೀರೇನ? ಸತ್ತ ದನಾ ಎಳ್ಕೊಂಡ ಹೋಗಾಕ ಖಡಿ ಸಾಕು."

ಕೂಲಿಗೆ ಬಂದವರೆಲ್ಲ ಅಲ್ಲೇ ಇದ್ದರು. ಮಾಳವ್ವ ಟೇಪನ್ನು ಕೆಳಗಿಟ್ಟಳು. ಕುಕ್ಕರಗಾಲಲ್ಲಿ ಕುಳಿತು ರಸ್ತೆಯ ಅಂಚಿಗೆ ಉಗುರು ಹಾಕಿದಳು. ತವೆಯಿಂದ ರೊಟ್ಟಿ ಏಳುವಂತೆ ಡಾಂಬರು ಎದ್ದು ಬಂತು. ಒಂದು ಮೊಳ ಅಗಲದ ತುಂಡು. ಅಡಿಗೆಲ್ಲ ಒಣ ಧೂಳು. ಅದನ್ನು ಎರಡು ಕೈಯಿಂದ ಎತ್ತಿ ತಂದು ವಿರೂಪಾಕ್ಷಪ್ಪನ ತೆರೆದ ಬುಕ್ಕಿನ ಮೇಲೆ ಇಟ್ಟಳು.

"ಇದನ್ನೂ ಬರಕೋರಿ."

ಅಂದಪ್ಪ ಹಿಂದಿನಿಂದ ಒದ್ದ. ಅವಳು ಖಡಿಯ ಮೇಲೆ ಮುಖ ಅಡಿಯಾಗಿ ಬಿದ್ದಳು. ತುಟಿ ಒಡೆಯಿತು. ಎದ್ದವಳು ಅಂದಪ್ಪನ ಕಡೆ ತಿರುಗಿಯೂ ನೋಡಲಿಲ್ಲ. ನೆಟ್ಟಗೆ ಪೀಪಾಯಿಗಳ ಹತ್ತಿರ ಹೋಗಿ ಒಂದನ್ನು ಭುಜದಿಂದ ನೂಕಿ ಕೆಡವಿದಳು. ಕೇರಿಯ ಕಡೆಗೆ ಉರುಳಿಸತೊಡಗಿದಳು.

"ಏ ಸೂಳಿ! ಎಲ್ಲಿಗೆಲೇ?"

"ಮನಿಗೆ."

ಎರಡನೇ ಪೀಪಾಯಿಗೆ ಗದಿಗೆವ್ವ ಕೈ ಹಚ್ಚಿದಳು. ಅವಳಿಗೆ ಅದು ಜಗ್ಗಲಿಲ್ಲ. ಇಬ್ಬರು ಹೆಂಗಸರು ಓಡಿ ಬಂದು ಕೈ ಕೊಟ್ಟರು. ಆಮೇಲೆ ಗಂಡಸರೂ ಬಂದರು. ಅಂದಪ್ಪ ಅಡ್ಡ ನಿಂತವನು ಉರುಳುವ ಪೀಪಾಯಿ ಕಂಡು ತಾನೇ ಸರಿದ. ಸದ್ದು ಕೇಳಿ ಕೇರಿಯಿಂದಲೂ ಜನ ಹೊರಬಂದರು.

ಗೌಡ ಗುಡುಸಾಬನ ಕಡೆ ತಿರುಗಿದ. "ಲೇ ಸಾಬಾ, ಬೆಂಕಿ ಹಚ್ಚಿದಿ ಅಂದ್ರ ಈ ಜಿಲ್ಲಾದಾಗ ನಿನಗ ಕೆಲಸ ಸಿಗೂದಿಲ್ಲ. ತಿಳೀತ?"

ಗುಡುಸಾಬ ಕೈಯ ಮಸಿ ಲುಂಗಿಗೆ ಒರೆಸಿಕೊಂಡ. ಬೆಟಗೇರಿಯಲ್ಲಿ ಅವನ ಮೂರು ಹೆಣ್ಣುಮಕ್ಕಳಿದ್ದರು. ಆಮೇಲೆ ಡಾಂಬರು ಕಾಸುವ ಬಂಡಿಯ ನೊಗ ಎತ್ತಿದ.

"ಇಪ್ಪತ್ತ ವರ್ಷ ಕಳುವಿನ ಡಾಂಬರಾನ ಕಾಸೇನ್ರಿ ಗೌಡ್ರ. ಒಂದ ದಿನ ಖರೇದು ಕಾಸತೇನಿ."

ಗೌಡನೂ ಓವರ್ಸಿಯರನೂ ಜೀಪು ಹತ್ತಿ ಪೊಲೀಸರನ್ನು ಕರೆತರಲು ಶಿರಹಟ್ಟಿಯ ಕಡೆ ಹೋದರು. ರೋಲರಿನವನು ಕೀಲಿಕೈ ಜೇಬಿಗಿಟ್ಟುಕೊಂಡು ಬೇವಿನ ಗಿಡದ ಕೆಳಗೆ ಕುಳಿತುಬಿಟ್ಟ.

"ಎಲ್ಲಿಂದ ಹಿಡಿಯೂಣು?" ಎಂದು ಗುಡುಸಾಬ ಕೇಳಿದ.

"ಕೇರಿಯಿಂದ," ಎಂದಳು ಮಾಳವ್ವ. "ಪೊಲೀಸರ ನಡುವ ಬಂದು ಹಿಡದ್ರೂ ನಮ್ಮ ಕಡೀದು ಮುಗದಿರಬೇಕು."

ಕೇರಿಯ ಹೆಂಗಸರು ಮನೆಯ ಕಸಬರಿಗೆ ತಂದು ಖಡಿಯ ಮೇಲಿನ ಮಣ್ಣೆಲ್ಲ ಗುಡಿಸಿದರು. ಮಾಳವ್ವ ಹೆಜ್ಜೆ ಎಣಿಸಿ, ಮೂವತ್ತು ಹೆಜ್ಜೆಗೊಂದು ಕಲ್ಲು ಇಡುತ್ತ ನಡೆದಳು. ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ಒಂದು ಪೀಪಾಯಿ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಅವಳು ಝಾರಿಯನ್ನು ಕೆಳಗೆ ಹಿಡಿದೇ ಸುರಿದಳು, ಯಾರೂ ಬೈಯಲಿಲ್ಲ. ಹಿಂದೆ ಸಣ್ಣ ಖಡಿ ಎರಚುವವರು, ಅವರ ಹಿಂದೆ ರೋಲರಿನ ಬದಲು ಧಮ್ಮಸಿನಿಂದ ಬಡಿಯುವವರು. ಹಾದಿ ಹೊಳೆಯುತ್ತ ಅವರ ಬೆನ್ನ ಹಿಂದೆ ಉದ್ದವಾಗುತ್ತಾ ಬಂತು. ಗದಿಗೆವ್ವ ಒಬ್ಬಳೇ ಬಗ್ಗಿ ಅದರ ಅಂಚಿಗೆ ಉಗುರು ಹಾಕಿ ನೋಡಿದಳು. ಏಳಲಿಲ್ಲ. "ಹಾಂ," ಎಂದಳು ಅಷ್ಟೇ.

ಹೊತ್ತು ಇಳಿಯುವ ಮುಂಚೆ ಆರು ಪೀಪಾಯಿ ಬರಿದಾಗಿದ್ದವು. ಕೊನೆಯದೂ ಅರ್ಧಕ್ಕಿಂತ ಹೆಚ್ಚು ಮುಗಿದಿತ್ತು. ಆಗ ಗೋದಾಮಿನ ಕಡೆಯಿಂದ ಎರಡು ಜೀಪು ಬಂದವು. ಫೌಜದಾರ, ನಾಲ್ವರು ಪೊಲೀಸರು, ದೇವೇಂದ್ರಪ್ಪ. ಕೇರಿಯವರು ಸರಿಯಲಿಲ್ಲ. ಎಲ್ಲರ ಮೈಯೂ ಕರ್ರಗೆ ಒಂದೇ ಆಗಿತ್ತು. ಯಾರು ಗುಡುಸಾಬ, ಯಾರು ಕೇರಿಯವರು ಎಂದು ತಿಳಿಯುವಂತಿರಲಿಲ್ಲ.

ಮುಂದಿನ ಜೀಪು ಹಳೆಯ ಡಾಂಬರು ಮುಗಿದಲ್ಲಿಗೆ ಬಂತು. ಮಾಳವ್ವ ಹೊಗೆಯಾಡುವ ಝಾರಿ ಹಿಡಿದು ಅದಕ್ಕೆ ಎದುರಾಗಿ ನಿಂತಳು.

"ಕಳ್ಳಿ ಯಾರಲೇ ಇಲ್ಲಿ?" ಎಂದ ಫೌಜದಾರ.

"ಹಿಂದ ಕುಂತಾನ ನೋಡ್ರಿ," ಎಂದಳು. "ನಾ ಮಾಳವ್ವ. ಗಾಡಿ ಮುಂದ ತರಬ್ಯಾಡ್ರಿ, ಗುಡಿಸಿಟ್ಟ ಹಾದಿ ಐತಿ, ಡಾಂಬರ ಹಾಕೂದೈತಿ. ನನ್ನ ಹಿಡಿಯಾಕ ಬರೂದಿದ್ರ ಇಳದು ಬದಿಗುಂಟ ಬರ್ರಿ."

ಬದಿಯ ತಗ್ಗಿನಲ್ಲಿ ಕೇರಿಯ ಚರ್ಮ ನೆನೆಹಾಕುವ ಗುಂಡಿಗಳಿಂದ ಹರಿದು ಬಂದ ನೀರು ನಿಂತಿತ್ತು. ಫೌಜದಾರ ಬೂಟು ನೋಡಿಕೊಂಡ. ದೇವೇಂದ್ರಪ್ಪ ಧೋತರ ಮೇಲೆತ್ತಿ, ಮೂಗು ಮುಚ್ಚಿಕೊಂಡು, ಆ ನೀರಿನಲ್ಲಿ ಮೊದಲ ಕಾಲಿಟ್ಟ.

ಮಾಳವ್ವ ಅವರು ತಲುಪುವುದನ್ನು ಕಾಯುತ್ತ ನಿಲ್ಲಲಿಲ್ಲ. ಇನ್ನೂ ಹನ್ನೆರಡು ಹೆಜ್ಜೆ ಹಾದಿ ಉಳಿದಿತ್ತು. ಅವಳು ಬಗ್ಗಿ ಝಾರಿ ಓರೆ ಮಾಡಿದಳು.